ಉಸಿರಿನ ಧ್ಯಾನ, ಮನಸ್ಸಿನ ಚಿತ್ರ: ನಮ್ಮ ಬೆಳಗಿನ ಗುಂಪಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಬೆಳಗ್ಗೆ 6 ಗಂಟೆಗೆ ಇಪ್ಪತ್ತು ಜನ ಸೇರಿ ಕೂರುತ್ತೇವೆ. ಒಬ್ಬರ ಮನೆಯ ಮಹಡಿ, ಹತ್ತಾರು ಚಾಪೆ, ಮೊಣಕಾಲು ನೋವಿರುವವರಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಅಷ್ಟೇ. ನಾನು ಡಾಕ್ಟರಲ್ಲ, ಗುರುವೂ ಅಲ್ಲ. ಹನ್ನೆರಡು ವರ್ಷದ ಹಿಂದೆ ಅಮ್ಮನಿಗೆ ಸ್ಟ್ರೋಕ್ ಆಗಿತ್ತು. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಆ ದಾರಿಯಲ್ಲಿ ಹೋಗುತ್ತಿದ್ದ ನರ್ಸ್ ಒಬ್ಬಳು ನಿಂತು, "ಅಕ್ಕಾ, ಉಸಿರು ಹಿಡ್ಕೊಂಡು ಕೂತಿದ್ದೀರಲ್ಲ, ಮೊದಲು ಬಿಡಿ" ಅಂದಳು. ಹಿಡಿದಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಬಿಟ್ಟೆ. ಕಿವಿ ಹತ್ತಿರ ಏರಿ ಕೂತಿದ್ದ ಭುಜ ಕೆಳಗಿಳಿಯಿತು. ನನ್ನ ಅಭ್ಯಾಸ ಶುರುವಾಗಿದ್ದು ಅಲ್ಲಿಂದ.

ಹೊಸಬರು ಬಂದಾಗಲೆಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉಸಿರಿನ ಧ್ಯಾನ, ಪ್ರಾಣಾಯಾಮ ಎರಡೂ ಒಂದೇನಾ?

ಅಲ್ಲ. ಪ್ರಾಣಾಯಾಮದಲ್ಲಿ ಉಸಿರನ್ನು ನೀವು ನಡೆಸುತ್ತೀರಿ. ಎಷ್ಟು ಎಣಿಕೆ ಎಳೆಯಬೇಕು, ಯಾವ ಹೊಳ್ಳೆಯಿಂದ ಬಿಡಬೇಕು ಅಂತೆಲ್ಲ ಅದಕ್ಕೆ ಲೆಕ್ಕ ಇದೆ. ಧ್ಯಾನದಲ್ಲಿ ಉಸಿರು ತಾನಾಗಿ ಬಂದು ಹೋಗುತ್ತಿರುತ್ತದೆ. ನೀವು ಜಗಲಿ ಮೇಲೆ ಕೂತು ದಾರಿಹೋಕರನ್ನು ನೋಡುವ ಹಾಗೆ ನೋಡುತ್ತಿರುತ್ತೀರಿ. ಬುದ್ಧ ಹೇಳಿಕೊಟ್ಟ ಆನಾಪಾನ ಅಂದರೆ ಇದೇ. ಉಸಿರು ಒಳಗೆ ಬಂತು ಅಂತ ಗೊತ್ತಾಗಬೇಕು, ಹೊರಗೆ ಹೋಯಿತು ಅಂತ ಗೊತ್ತಾಗಬೇಕು.

ನಾವು ಎರಡನ್ನೂ ಸೇರಿಸಿಕೊಂಡಿದ್ದೇವೆ. ಮೊದಲ ಕೆಲವು ನಿಮಿಷ ಉಸಿರನ್ನು ನಿಧಾನ ಮಾಡುತ್ತೇವೆ, ಆಮೇಲೆ ಅದರ ಪಾಡಿಗೆ ಬಿಟ್ಟು ನೋಡುತ್ತೇವೆ. ಕೆಲಸದ ಗಡಿಬಿಡಿಯಿಂದ ಬಂದವರಿಗೆ ನೇರವಾಗಿ "ಸುಮ್ನೆ ನೋಡಿ" ಅಂದರೆ ಆಗುವುದಿಲ್ಲ. ಮೈ ಸ್ವಲ್ಪ ಇಳಿದ ಮೇಲೆ ನೋಡುವುದು ಸುಲಭ.

ಬರೀ ಉಸಿರಿನಿಂದ ಮೈಗೆ ಏನಾಗುತ್ತೆ? ಇದೆಲ್ಲ ನಂಬಿಕೆ ಅಷ್ಟೇ ಅಲ್ವಾ?

ನಂಬಬೇಕಾಗಿಲ್ಲ, ನಿಮ್ಮ ಕೈಯಲ್ಲೇ ನೋಡಬಹುದು. ಎಡಗೈ ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಬಲಗೈಯ ಮೂರು ಬೆರಳು ಇಡಿ. ನಾಡಿ ಸಿಕ್ಕ ಮೇಲೆ ನಿಧಾನವಾಗಿ ಉಸಿರು ಎಳೆಯಿರಿ. ಬಡಿತ ಸ್ವಲ್ಪ ಬೇಗ ಆಗುತ್ತದೆ. ಈಗ ನಿಧಾನವಾಗಿ ಬಿಡಿ. ಬಡಿತಗಳ ನಡುವಿನ ಬಿಡುವು ಹಿಗ್ಗುತ್ತದೆ. ಹರೆಯದವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ವಯಸ್ಸಾದ ಹಾಗೆ ವ್ಯತ್ಯಾಸ ಕಡಿಮೆಯಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಮೆದುಳಿನ ಬುಡದಿಂದ ಎದೆಗೆ, ಹೊಟ್ಟೆಗೆ ಇಳಿಯುವ ವೇಗಸ್ ಅನ್ನುವ ನರ ಹೃದಯಕ್ಕೆ ಕಡಿವಾಣ ಇದ್ದ ಹಾಗೆ. ಉಸಿರು ಬಿಡುವಾಗ ಈ ಕಡಿವಾಣ ಬಿಗಿಯಾಗುತ್ತದೆ, ಹೃದಯ ನಿಧಾನವಾಗುತ್ತದೆ. ಎಳೆಯುವಾಗ ಸಡಿಲವಾಗುತ್ತದೆ. ಅದಕ್ಕೇ ನಾವು ಬಿಡುವ ಉಸಿರಿಗೆ ಅಷ್ಟು ಬೆಲೆ ಕೊಡುವುದು. ಕೆಲಸ ಮುಗಿಸಿ ಕೂತಾಗ "ಉಸ್ಸಪ್ಪಾ" ಅನ್ನುತ್ತೇವಲ್ಲ, ಅದೂ ಬಿಡುವ ಉಸಿರೇ. ನಮ್ಮ ಮೈಗೆ ಈ ವಿದ್ಯೆ ಮೊದಲಿನಿಂದ ಗೊತ್ತಿದೆ.

ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ. ಮಾಧ್ವರ ಮನೆಗಳಲ್ಲಿ ಹಿರಿಯರು ಹೇಳುತ್ತಾರೆ, ಮುಖ್ಯಪ್ರಾಣ ನಮ್ಮೊಳಗೆ ಕೂತು ದಿನಕ್ಕೆ 21,600 ಸಲ ಹಂಸ ಮಂತ್ರ ಜಪ ಮಾಡುತ್ತಾನೆ, ಒಂದು ಉಸಿರಿಗೆ ಒಂದು ಜಪ. ದಿನಕ್ಕೆ 1,440 ನಿಮಿಷ. ಭಾಗಿಸಿ ನೋಡಿ, ನಿಮಿಷಕ್ಕೆ ಸರಿಯಾಗಿ 15 ಉಸಿರು. ಸುಮ್ಮನೆ ಕೂತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ ಅಂತ ಈಗಿನ ಡಾಕ್ಟರುಗಳು ಹೇಳುವುದಕ್ಕೆ ಇದು ಕೂಡಿಯೇ ಬರುತ್ತದೆ.

ಧ್ಯಾನಕ್ಕೆ ಕೂತಾಗ ನಾವು ಅದನ್ನು 6ಕ್ಕೆ ಇಳಿಸುತ್ತೇವೆ. ಈ 6 ಸುಮ್ಮನೆ ಹಾಕಿಕೊಂಡ ಸಂಖ್ಯೆ ಅಲ್ಲ. 2001ರಲ್ಲಿ ಇಟಲಿಯ ಲೂಚಾನೊ ಬೆರ್ನಾರ್ದಿ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. 23 ಜನರಿಂದ ಲ್ಯಾಟಿನ್‌ನಲ್ಲಿ ಜಪಮಾಲೆಯ ಪ್ರಾರ್ಥನೆ ಹೇಳಿಸಿದರು, 'ಓಂ ಮಣಿ ಪದ್ಮೆ' ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಬಂದು ನಿಂತಿತು. ಆ ವೇಗದಲ್ಲಿ ಹೃದಯದ ಬಡಿತ, ರಕ್ತದ ಒತ್ತಡ, ಉಸಿರು ಮೂರರ ಏರಿಳಿತ ಒಂದೇ ತಾಳಕ್ಕೆ ಬರುತ್ತವೆ. ಎಲ್ಲೋ ರೋಮ್‌ನ ಅಜ್ಜಿ, ಎಲ್ಲೋ ಟಿಬೆಟ್‌ನ ಅಜ್ಜಿ. ಇಬ್ಬರೂ ಗಡಿಯಾರ ನೋಡದೆ ಒಂದೇ ಜಾಗಕ್ಕೆ ಬಂದಿದ್ದಾರೆ.

ಶುರು ಮಾಡೋದು ಹೇಗೆ?

ಮೊದಲ ದಿನ ಮಲಗಿಕೊಂಡೇ ಮಾಡಿ. ಚಾಪೆ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೆ ಊರಿ. ಹೊಕ್ಕುಳಿನ ಮೇಲೆ ಒಂದು ಖಾಲಿ ಸ್ಟೀಲ್ ಲೋಟ ಇಡಿ. ಉಸಿರು ಎಳೆದಾಗ ಲೋಟ ಮೇಲೇಳಬೇಕು, ಬಿಟ್ಟಾಗ ಕೆಳಗಿಳಿಯಬೇಕು. ಸುಮಾರು ಜನಕ್ಕೆ ಮೊದಲು ಇದು ಉಲ್ಟಾ ಆಗುತ್ತದೆ. ಎದೆ ಉಬ್ಬುತ್ತದೆ, ಹೊಟ್ಟೆ ಒಳಗೆ ಹೋಗುತ್ತದೆ, ಲೋಟ ವಾಲಿ ಠಣ್ ಅಂತ ನೆಲಕ್ಕೆ ಬೀಳುತ್ತದೆ. ಬೀಳಲಿ, ಮತ್ತೆ ಇಡಿ. ಎರಡು ಮೂರು ದಿನದಲ್ಲಿ ಹೊಟ್ಟೆಗೆ ದಾರಿ ಗೊತ್ತಾಗುತ್ತದೆ.

ಲೋಟ ನಿಂತ ಮೇಲೆ ಎದ್ದು ಕೂರಿ. ನೆಲ, ಕುರ್ಚಿ, ಮಂಚದ ಅಂಚು, ಎಲ್ಲಾದರೂ ಸರಿ. ಬೆನ್ನು ನೆಟ್ಟಗಿರಲಿ, ಬಿಗಿ ಬೇಡ. ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡಿ. ಮೊದಲು ಒಂದು ಸಲ ಪೂರ್ತಿ ಬಿಡಿ. ಇದು ಮುಖ್ಯ. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಚೆಲ್ಲುತ್ತದೆ ಅಲ್ವಾ? ಆಮೇಲೆ ನಾಲ್ಕು ಎಣಿಸುತ್ತಾ ಎಳೆಯಿರಿ, ಆರು ಎಣಿಸುತ್ತಾ ಬಿಡಿ. ಎಣಿಕೆ ಗಡಿಯಾರದ ಸೆಕೆಂಡಿನಷ್ಟಿದ್ದರೆ ನಿಮಿಷಕ್ಕೆ 6 ಉಸಿರು ತಾನಾಗಿ ಆಗುತ್ತದೆ. ದಮ್ಮು ಸಾಲದಿದ್ದರೆ ಮೂರಕ್ಕೆ ಎಳೆದು ನಾಲ್ಕಕ್ಕೆ ಬಿಡಿ. ಬಿಡುವುದು ಎಳೆಯುವುದಕ್ಕಿಂತ ಸ್ವಲ್ಪ ಉದ್ದ ಇದ್ದರೆ ಸಾಕು.

ಐದು ನಿಮಿಷ ಆದ ಮೇಲೆ ಎಣಿಕೆ ಬಿಟ್ಟುಬಿಡಿ. ಮೂಗಿನ ತುದಿಯಲ್ಲಿ ಒಳಗೆ ಬರುವ ಗಾಳಿ ತಂಪು, ಹೊರಗೆ ಹೋಗುವುದು ಬೆಚ್ಚಗೆ. ಆ ತಂಪು, ಆ ಬಿಸಿ, ಇವೆರಡನ್ನೇ ಗಮನಿಸುತ್ತಾ ಕೂರಿ.

ಮನಸ್ಸು ಒಂದು ಕ್ಷಣ ನಿಲ್ಲಲ್ಲ. ನನಗೆ ಇದು ಆಗಲ್ವೇನೋ?

ಎಲ್ಲರಿಗೂ ಹಾಗೇ. ನೆನೆಹಾಕಿದ ಅಕ್ಕಿ, ಕಟ್ಟಬೇಕಾದ ಕರೆಂಟ್ ಬಿಲ್, ನಾದಿನಿ ಆಡಿದ ಮಾತು, ಎಲ್ಲಾ ಬರುತ್ತವೆ. ಬಂದಿದೆ ಅಂತ ಗೊತ್ತಾದ ಕ್ಷಣ ಇದೆಯಲ್ಲ, ಅಭ್ಯಾಸ ಅಂದರೆ ಅದೇ. ಗೊತ್ತಾಗಿ ವಾಪಸ್ ಬಂದಿರಿ, ಅಲ್ಲಿಗೆ ಒಂದು ಸಲ ಆಯಿತು. ಹತ್ತು ನಿಮಿಷದಲ್ಲಿ ಐವತ್ತು ಸಲ ವಾಪಸ್ ಬಂದರೆ ಐವತ್ತು ಸಲ ಅಭ್ಯಾಸ ಮಾಡಿದ ಹಾಗೆ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಮೂಗು ಯಾವಾಗಲೂ ಒಂದು ಕಡೆ ಕಟ್ಟಿರುತ್ತೆ. ಏನು ಮಾಡೋದು?

ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಲೀಸು ಇರುವುದು ಸಹಜ. ಎರಡು ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಸರದಿ ಬದಲಿಸುತ್ತವೆ. ನಮ್ಮ ಯೋಗಿಗಳು ಎಡಗಡೆಯದನ್ನು ಇಡಾ, ಬಲಗಡೆಯದನ್ನು ಪಿಂಗಳಾ ಅಂತ ಗುರುತಿಸಿ ಇಟ್ಟಿದ್ದರು.

ಪೂರ್ತಿ ಕಟ್ಟಿದ್ದರೆ ಬಿಸಿನೀರಿನ ಹಬೆ ತೆಗೆದುಕೊಂಡು ಕೂರಿ. ಆಮೇಲೆ ಭ್ರಾಮರಿ ಮಾಡಿ. ಬಾಯಿ ಮುಚ್ಚಿ, ಉಸಿರು ಬಿಡುವಾಗ ದುಂಬಿಯ ಹಾಗೆ 'ಮ್‌ಮ್‌ಮ್' ಅನ್ನುವುದು. ಮೂಗಿನ ಅಕ್ಕಪಕ್ಕದ ಮೂಳೆಯ ಟೊಳ್ಳುಗಳಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಹುಟ್ಟುತ್ತದೆ. ಹೀಗೆ ಗುನುಗಿದಾಗ ಮೂಗಿನಲ್ಲಿ ಅದು ಸುಮಾರು 15 ಪಟ್ಟು ಜಾಸ್ತಿಯಾಗುತ್ತದೆ ಅಂತ 2002ರಲ್ಲಿ ಸ್ವೀಡನ್‌ನ ಸಂಶೋಧಕರು ಅಳೆದು ತೋರಿಸಿದರು. ಅಂದರೆ ಗುನುಗಿದಾಗ ಆ ಟೊಳ್ಳುಗಳೊಳಗೆ ಗಾಳಿ ಚೆನ್ನಾಗಿ ಆಡುತ್ತದೆ. ಗುನುಗುತ್ತಾ ಬಿಟ್ಟರೆ ಉಸಿರು ತಾನಾಗಿ ಉದ್ದ ಆಗುತ್ತದೆ ಅನ್ನುವುದು ಇನ್ನೊಂದು ಲಾಭ. ತಿಂಗಳುಗಟ್ಟಲೆ ಕಟ್ಟಿದ್ದರೆ ಮಾತ್ರ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಮನಸ್ಸಿನಲ್ಲಿ ಚಿತ್ರ ತಂದುಕೊಳ್ಳಿ ಅಂತೀರಲ್ಲ, ಅದು ಏನು? ಯಾವ ಚಿತ್ರ?

ಇದು ಹೊಸದೇನಲ್ಲ. ಮಾನಸ ಪೂಜೆ ಅಂತ ಕೇಳಿದ್ದೀರಿ. ಹೂವಿಲ್ಲ, ನೀರಿಲ್ಲ, ದೀಪ ಇಲ್ಲ. ಎಲ್ಲವನ್ನೂ ಮನಸ್ಸಿನಲ್ಲೇ ತಂದು, ಮನಸ್ಸಿನಲ್ಲೇ ಅರ್ಪಿಸುವುದು. ನಮ್ಮ ಶರಣರು ನೆನೆಯುವ 63 ಪುರಾತನರಲ್ಲಿ ಪೂಸಲಾರ್ ಅಂತ ಒಬ್ಬರಿದ್ದಾರೆ, ತಮಿಳುನಾಡಿನ ತಿರುನಿನ್ರವೂರಿನವರು. ಶಿವನಿಗೆ ಗುಡಿ ಕಟ್ಟುವ ಆಸೆ, ಕೈಯಲ್ಲಿ ಕಾಸಿಲ್ಲ. ಮನಸ್ಸಿನಲ್ಲೇ ಕಲ್ಲು ತಂದು, ತಳಪಾಯ ತೋಡಿ, ಗೋಪುರ ಎತ್ತಿ, ಕೆರೆ ತೋಡಿಸಿ, ಪ್ರತಿಷ್ಠೆಗೆ ದಿನ ಗೊತ್ತು ಮಾಡಿದರು. ಅದೇ ದಿನ ಕಂಚಿಯಲ್ಲಿ ಪಲ್ಲವ ರಾಜ ಕಟ್ಟಿಸಿದ ದೊಡ್ಡ ಗುಡಿಯ ಪ್ರತಿಷ್ಠೆ. ಶಿವ ರಾಜನ ಕನಸಿನಲ್ಲಿ ಬಂದು, ನಾಳೆ ಪೂಸಲಾರ್ ಗುಡಿಗೆ ಹೋಗಬೇಕು, ನಿನ್ನದನ್ನು ಮುಂದಕ್ಕೆ ಹಾಕು ಅಂದನಂತೆ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು ಸಂಗತಿ. ಪೂಸಲಾರ್ ಕಣ್ಣು ಮುಚ್ಚಿ ಒಮ್ಮೆಲೇ ಗುಡಿಯನ್ನು ಕಾಣಲಿಲ್ಲ. ಒಂದೊಂದೇ ಕಲ್ಲು ಇಟ್ಟರು. ಮನಸ್ಸಿನ ಚಿತ್ರಕ್ಕೆ ಶಕ್ತಿ ಬರುವುದು ಹಾಗೆ.

ಯಾವ ಚಿತ್ರ ಅಂದರೆ, ನಿಮಗೆ ಗೊತ್ತಿರುವ ಜಾಗ. ಮೊಬೈಲ್‌ನಲ್ಲಿ ಬರುವ ಧ್ಯಾನದ ಧ್ವನಿಗಳು "ನೀವು ಸಮುದ್ರ ತೀರದಲ್ಲಿದ್ದೀರಿ" ಅನ್ನುತ್ತವೆ. ಸಮುದ್ರದ ಹತ್ತಿರ ಒಂದು ದಿನವೂ ಇರದವರಿಗೆ ಅದು ಕ್ಯಾಲೆಂಡರ್ ಚಿತ್ರ ಅಷ್ಟೇ, ಮೈಗೆ ತಾಗುವುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಭದ್ರಾ ನಾಲೆಯ ಏರಿ, ಒಬ್ಬರಿಗೆ ಅಜ್ಜಿ ಮನೆಯ ಅಟ್ಟ, ಇನ್ನೊಬ್ಬರಿಗೆ ರಾತ್ರಿ ಪಾಳಿ ಮುಗಿಸಿ ಬರುವಾಗ ಸಿಗುವ ಖಾಲಿ ಬಸ್ಸಿನ ಕಿಟಕಿ ಸೀಟು.

ನನ್ನದು ತೀರ್ಥಹಳ್ಳಿ ಕಡೆ ಅಮ್ಮನ ತವರಿನ ಬಾವಿ. ಕಲ್ಲು ಕಟ್ಟಿದ ಬಾವಿ. ಒಳಗೋಡೆಯ ತುಂಬ ಪಾಚಿ, ಸಂದಿಯಲ್ಲಿ ಜರಿಗಿಡ. ಹಗ್ಗ ಉಜ್ಜಿ ಉಜ್ಜಿ ಕಟ್ಟೆಯ ಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಗೀರು. ರಾಟೆ ಎಣ್ಣೆ ಕಾಣದೆ ಕಿರ್ ಅನ್ನುತ್ತದೆ. ಉಸಿರು ಬಿಡುವಾಗ ಹಗ್ಗ ಸಡಿಲ ಬಿಡುತ್ತೇನೆ, ಕೊಡ ನಿಧಾನವಾಗಿ ಕೆಳಗೆ ಹೋಗುತ್ತದೆ. ನೀರಿಗೆ ತಾಗಿದ ಸದ್ದು, ವಾಲಿ ತುಂಬಿಕೊಳ್ಳುವ ಗುಳುಗುಳು. ಅಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಉಸಿರು ಎಳೆಯುವಾಗ ಹಗ್ಗ ಮೇಲೆ. ಅಂಗೈಯಲ್ಲಿ ಒದ್ದೆ ನಾರಿನ ಒರಟು. ಇಷ್ಟರಲ್ಲಿ ಎಣಿಕೆಯ ನೆನಪೇ ಇರುವುದಿಲ್ಲ.

ನೋಡುವುದಷ್ಟೇ ಅಲ್ಲ, ಸದ್ದು, ವಾಸನೆ, ಚರ್ಮಕ್ಕೆ ತಾಗುವ ತಣ್ಣಗೆ, ಎಲ್ಲವನ್ನೂ ತನ್ನಿ. ಒಂದೇ ಜಾಗವನ್ನು ಹಿಡಿದುಕೊಳ್ಳಿ, ದಿನಕ್ಕೊಂದು ಬದಲಿಸಬೇಡಿ. ತಿಂಗಳು ಕಳೆದರೆ ಬಾವಿ ನೆನೆದ ಕೂಡಲೇ ಉಸಿರು ಇಳಿಯುವುದಕ್ಕೆ ಶುರುವಾಗುತ್ತದೆ. ಡೆಂಟಿಸ್ಟ್ ಕುರ್ಚಿಯಲ್ಲಿ ಇದು ನನಗೆ ಎಷ್ಟು ಉಪಯೋಗಕ್ಕೆ ಬಂದಿದೆ!

ಕಣ್ಣು ಮುಚ್ಚಿದ್ರೆ ನನಗೆ ಬರೀ ಕತ್ತಲೆ. ಚಿತ್ರ ಬರೋದೇ ಇಲ್ಲ.

ನಿಮ್ಮ ಹಾಗೆ ಇನ್ನೂ ಜನ ಇದ್ದಾರೆ. ಕೆಲವರಿಗೆ ಮನಸ್ಸಿನ ಕಣ್ಣಿಗೆ ಚಿತ್ರ ಮೂಡುವುದೇ ಇಲ್ಲ. 2015ರಲ್ಲಿ ಇಂಗ್ಲೆಂಡಿನ ಆಡಂ ಜೀಮನ್ ಅನ್ನುವ ನರವೈದ್ಯರು ಇದಕ್ಕೆ ಅಫಾಂಟೇಸಿಯಾ ಅಂತ ಹೆಸರಿಟ್ಟರು. ಇದು ಕಾಯಿಲೆ ಅಲ್ಲ. ನೀವು ಸದ್ದಿನಿಂದ ಹೋಗಿ, ಇಲ್ಲ ಸ್ಪರ್ಶದಿಂದ ಹೋಗಿ. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ, ಅವರಿಗೆ ಚಿತ್ರ ಬರುವುದಿಲ್ಲ. ಮಳೆ ಹನಿ ಹೆಂಚಿನ ಮೇಲೆ ಬೀಳುವ ಸದ್ದನ್ನು ತಂದುಕೊಳ್ಳುತ್ತಾರೆ. ಅದೂ ಬರದಿದ್ದರೆ ಬಿಡಿ, ಉಸಿರು ಒಂದೇ ಸಾಕು.

ಬೇಕಾದ್ದನ್ನ ಕಲ್ಪಿಸಿಕೊಂಡ್ರೆ ಅದು ಸಿಗುತ್ತಂತೆ. ನಿಜಾನಾ?

ಇದನ್ನು ಜಾಸ್ತಿ ಕೇಳುವವರು ಓದುವ ಮಕ್ಕಳು, ಅವರ ಅಪ್ಪ ಅಮ್ಮ. ನೇರವಾಗಿ ಹೇಳುತ್ತೇನೆ. ಮನೆ, ಕಾರು, ರ‍್ಯಾಂಕು ಕಣ್ಮುಂದೆ ತಂದುಕೊಂಡು ಕೂತರೆ ಅವು ಬರುವುದಿಲ್ಲ. ಹಾಗೆ ಕೂರುವುದರಿಂದ ತೊಂದರೆಯೂ ಇದೆ. ಸಿಕ್ಕೇಬಿಟ್ಟಿತು ಅನ್ನುವ ಸುಖ ಮೊದಲೇ ಸಿಕ್ಕಿ, ಏಳುವ ಹುಮ್ಮಸ್ಸು ಇಳಿದುಹೋಗುತ್ತದೆ.

1999ರಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳನ್ನು ಬೇರೆ ಬೇರೆ ಗುಂಪು ಮಾಡಿದರು. ಒಂದು ಗುಂಪಿಗೆ ಒಳ್ಳೇ ಅಂಕ ಬಂದ ಕ್ಷಣವನ್ನು ಕಲ್ಪಿಸಿಕೊಳ್ಳಿ ಅಂದರು. ಇನ್ನೊಂದಕ್ಕೆ, ಎಲ್ಲಿ ಕೂತು, ಯಾವ ಪುಸ್ತಕ ತೆಗೆದು, ಹೇಗೆ ಓದುತ್ತೀರಿ ಅನ್ನುವುದನ್ನು ಕಲ್ಪಿಸಿಕೊಳ್ಳಿ ಅಂದರು. ಓದುವುದನ್ನು ಕಂಡವರು ಬೇಗ ಓದಲು ಕೂತರು, ಅಂಕವೂ ಜಾಸ್ತಿ ತೆಗೆದರು. ಪೂಸಲಾರ್ ಕಲ್ಲು ಇಟ್ಟ ಹಾಗೆಯೇ ಇದು.

ಅಮೆರಿಕದ ಈಜುಗಾರ ಮೈಕಲ್ ಫೆಲ್ಪ್ಸ್‌ಗೆ ಕೋಚ್ ಬಾಬ್ ಬೋಮನ್ ಚಿಕ್ಕಂದಿನಿಂದ ಒಂದು ಅಭ್ಯಾಸ ಮಾಡಿಸಿದ್ದರು. ರಾತ್ರಿ ಮಲಗುವ ಮುಂಚೆ, ಬೆಳಗ್ಗೆ ಎದ್ದ ಕೂಡಲೇ, ರೇಸನ್ನು ಮೊದಲಿನಿಂದ ಕೊನೆವರೆಗೆ ಮನಸ್ಸಿನಲ್ಲಿ ಈಜುವುದು. ಎಡವಟ್ಟಾದರೆ ಏನು ಮಾಡಬೇಕು ಅನ್ನುವುದೂ ಅದರಲ್ಲಿ ಇರಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಅವನ ಕನ್ನಡಕದೊಳಗೆ ನೀರು ತುಂಬಿತು. ಗೋಡೆ ಕಾಣುತ್ತಿರಲಿಲ್ಲ. ಕೈ ಬೀಸುಗಳನ್ನು ಎಣಿಸಿಕೊಂಡು ಈಜಿದ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದ. ಅವನು ಹಗಲೂ ರಾತ್ರಿ ಪದಕವನ್ನಷ್ಟೇ ಕಂಡಿದ್ದರೆ ಆ ನೀರು ತುಂಬಿದ ಕ್ಷಣದಲ್ಲಿ ಏನು ಗತಿ?

ಹಾಗಾಗಿ ಪಿಯುಸಿ ಮಕ್ಕಳಿಗೆ ನಾನು ಹೇಳುವುದು ಇಷ್ಟು. ಮೊದಲು ಐದು ನಿಮಿಷ ಉಸಿರು. ಆಮೇಲೆ ಪರೀಕ್ಷೆಯ ಹಾಲ್‌ಗೆ ಮನಸ್ಸಿನಲ್ಲೇ ನಡೆದು ಹೋಗು. ಹಾಲ್ ಟಿಕೆಟ್ ಕೈಯಲ್ಲಿದೆ, ಡೆಸ್ಕ್ ಮೇಲೆ ನಂಬರ್ ಬರೆದಿದೆ, ಪ್ರಶ್ನೆಪತ್ರಿಕೆ ಬಂತು. ಮೊದಲ ಪ್ರಶ್ನೆಯೇ ಗೊತ್ತಿಲ್ಲ. ಎದೆ ಧಸಕ್ ಅಂತು. ಪೆನ್ನು ಕೆಳಗಿಟ್ಟೆ. ಮೂರು ಸಲ ನಿಧಾನವಾಗಿ ಉಸಿರು ಬಿಟ್ಟೆ. ಎರಡನೇ ಪ್ರಶ್ನೆಗೆ ಹೋದೆ. ಇದನ್ನು ಹತ್ತು ದಿನ ಮಾಡಿದ ಮಗುವಿಗೆ ಆ ಹಾಲ್ ಹೊಸ ಜಾಗ ಆಗಿರುವುದಿಲ್ಲ. ಓದುವುದನ್ನಂತೂ ಓದಲೇಬೇಕು.

ದಿನಕ್ಕೆ ಎಷ್ಟು ಹೊತ್ತು?

ಐದು ನಿಮಿಷದಿಂದ ಶುರು ಮಾಡಿ. ಭಾನುವಾರ ಒಂದು ಗಂಟೆ ಕೂತು ಆರು ದಿನ ಬಿಡುವುದಕ್ಕಿಂತ ದಿನಾ ಐದು ನಿಮಿಷ ಒಳ್ಳೆಯದು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪ್ರಕಟಿಸಿದ ಅಧ್ಯಯನದಲ್ಲಿ ಜನ ಮಾಡಿದ್ದು ದಿನಕ್ಕೆ ಐದೇ ನಿಮಿಷ, ಒಂದು ತಿಂಗಳು. ಮೂಗಿನಲ್ಲಿ ಒಂದು ಉಸಿರು ಎಳೆದು, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರು ಎಳೆದು, ಬಾಯಲ್ಲಿ ಉದ್ದಕ್ಕೆ ಬಿಡುವುದು. ಬಿಕ್ಕಿ ಅತ್ತ ಮಗು ಸಮಾಧಾನ ಆಗುವಾಗ ಬಿಡುತ್ತದಲ್ಲ, ಆ ನಿಟ್ಟುಸಿರು. ಸುಮ್ಮನೆ ಕೂತು ಉಸಿರು ಗಮನಿಸಿದವರಿಗಿಂತ ಹೀಗೆ ಮಾಡಿದವರ ಮನಸ್ಸಿನ ಗೆಲುವು ಹೆಚ್ಚಾಗಿತ್ತು.

ಹೊತ್ತು ಯಾವುದಾದರೂ ಆಗಬಹುದು. ಊಟ ಆದ ತಕ್ಷಣ ಮಾತ್ರ ಬೇಡ. "ಉಸಿರಾಡೋಕೂ ಪುರುಸೊತ್ತಿಲ್ಲ" ಅನ್ನುವವರು ಕುಕ್ಕರ್ ಮೂರು ಸೀಟಿ ಹೊಡೆಯುವವರೆಗೆ ಅಡುಗೆಮನೆಯಲ್ಲೇ ನಿಂತು ಮಾಡಿ.

ಮಾಡುವಾಗ ತಲೆ ಸುತ್ತುತ್ತೆ, ಬೆರಳು ಜುಮ್ ಅನ್ನುತ್ತೆ. ಯಾಕೆ?

ನೀವು ಜಾಸ್ತಿ ಉಸಿರಾಡುತ್ತಿದ್ದೀರಿ. ನಿಧಾನ ಮಾಡಿ ಅಂದರೆ ಸುಮಾರು ಜನ ದೊಡ್ಡದಾಗಿ ಎಳೆಯಲು ಶುರು ಮಾಡುತ್ತಾರೆ. ಆಗ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಕಡಿಮೆಯಾಗಿ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಅದಕ್ಕೆ ತಲೆ ಸುತ್ತು, ಜುಮ್ಮು. ಇದನ್ನು 'ಶಕ್ತಿ ಏರುತ್ತಿದೆ' ಅಂತ ತಿಳಿದು ಮುಂದುವರಿಸಬೇಡಿ. ನಿಲ್ಲಿಸಿ, ಮಾಮೂಲಿಯಾಗಿ ಉಸಿರಾಡಿ. ಮತ್ತೆ ಮಾಡುವಾಗ ಚಿಕ್ಕದಾಗಿ, ಪಕ್ಕದಲ್ಲಿ ಕೂತವರಿಗೂ ಕೇಳಿಸದಷ್ಟು ಮೆಲ್ಲಗೆ ಎಳೆಯಿರಿ.

ಯಾರು ಹುಷಾರಾಗಿರಬೇಕು?

ಉಸಿರು ಗಮನಿಸುವುದು, ನಿಧಾನವಾಗಿ ಬಿಡುವುದು ಹೆಚ್ಚಿನವರಿಗೆ ಅಪಾಯ ಇಲ್ಲ. ರಭಸದ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟಿ ಹಿಡಿಯುವ ಕುಂಭಕ ಬೇರೆ ವಿಷಯ. ಬಿಪಿ ಜಾಸ್ತಿ ಇರುವವರು, ಹೃದಯದ ತೊಂದರೆ, ಮೂರ್ಛೆರೋಗ, ಹರ್ನಿಯಾ, ಗ್ಲಾಕೋಮಾ ಇರುವವರು, ಬಸುರಿಯರು ಇವನ್ನು ಟಿವಿ ನೋಡಿಕೊಂಡು ಮಾಡಬಾರದು. ಸಿಂಹ, ಆನೆ, ಹುಲಿಯನ್ನು ಪಳಗಿಸುವ ಹಾಗೆ ಉಸಿರನ್ನು ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ ಹಠಯೋಗ ಪ್ರದೀಪಿಕೆ ಅನ್ನುವ ಹಳೇ ಯೋಗಗ್ರಂಥ ಆಗಲೇ ಎಚ್ಚರಿಸಿದೆ. ಆಸ್ತಮಾ ಇರುವವರು ಇನ್ಹೇಲರ್ ಪಕ್ಕದಲ್ಲೇ ಇಟ್ಟುಕೊಳ್ಳಿ, ಡಾಕ್ಟರು ಹೇಳದೆ ನಿಲ್ಲಿಸಬೇಡಿ.

ಇನ್ನೊಂದು ಮಾತು, ಇದನ್ನು ಹೇಳುವವರು ಕಡಿಮೆ. ಕೆಲವರಿಗೆ ಕಣ್ಣು ಮುಚ್ಚಿ ಉಸಿರಿಗೆ ಗಮನ ಕೊಟ್ಟರೆ ಭಯ ಜಾಸ್ತಿಯಾಗುತ್ತದೆ. ಹಿಂದೆ ದೊಡ್ಡ ಪೆಟ್ಟು ತಿಂದವರಿಗೆ ಹಳೇ ನೆನಪು ನುಗ್ಗಿ ಬರಬಹುದು. ಹಾಗಾದರೆ ಕಣ್ಣು ತೆರೆಯಿರಿ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ. ಎದುರಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ. ನಿಮ್ಮ ಅಭ್ಯಾಸ ನಡೆಯುತ್ತಾ ಮಾಡುವುದು ಅಂತ ಇಟ್ಟುಕೊಳ್ಳಿ, ಕೂರಲೇಬೇಕು ಅಂತ ಯಾರೂ ಹೇಳಿಲ್ಲ.

ಇದನ್ನು ಮಾಡಿದ್ರೆ ಮಾತ್ರೆ ಬಿಡಬಹುದಾ?

ಬೇಡ. ಬಿಪಿ, ಸಕ್ಕರೆ ಕಾಯಿಲೆ, ಖಿನ್ನತೆ, ಆತಂಕ, ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. 2022ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಆತಂಕದ ಕಾಯಿಲೆಗೆ 8 ವಾರದ ಧ್ಯಾನದ ಶಿಕ್ಷಣ ಒಂದು ಮಾತ್ರೆಯಷ್ಟೇ ಕೆಲಸ ಮಾಡಿತು ಅಂತ ಸುದ್ದಿ ಬಂದಿತ್ತು. ನಿಜ. ಆದರೆ ಅಲ್ಲಿ ಪಳಗಿದ ಶಿಕ್ಷಕರಿದ್ದರು, ವಾರಕ್ಕೊಂದು ಉದ್ದದ ತರಗತಿ, ಮನೆಯಲ್ಲಿ ದಿನಾ 45 ನಿಮಿಷ ಅಭ್ಯಾಸ. ನಮ್ಮ ಐದು ನಿಮಿಷಕ್ಕೂ ಅದಕ್ಕೂ ಹೋಲಿಕೆ ಸಲ್ಲದು. ಮಾತ್ರೆಯ ಜೊತೆ ಉಸಿರು ಇರಲಿ. ಮಾತ್ರೆ ಕಡಿಮೆ ಮಾಡುವುದು ಡಾಕ್ಟರ ಕೆಲಸ.

ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಧ್ಯಾನಕ್ಕೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡಿದವರು ನಮ್ಮ ಗುಂಪಿನಲ್ಲೂ ಇದ್ದಾರೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ರಾತ್ರಿ ನಿದ್ದೆ ಬರಲ್ಲ. ಇದು ಸಹಾಯ ಮಾಡುತ್ತಾ?

ಮಾಡುತ್ತದೆ, ನಿದ್ದೆ ತರಿಸಲೇಬೇಕು ಅಂತ ಹಟ ಹಿಡಿಯದಿದ್ದರೆ. ಮಲಗಿಕೊಂಡೇ ಉದ್ದವಾಗಿ ಬಿಡುತ್ತಾ ಬಲಗೈ ಹೆಬ್ಬೆರಳಿನಿಂದ ಒಂದೊಂದೇ ಅಂಗಕ್ಕೆ ಗಮನ ತನ್ನಿ. ಬಿಹಾರದ ಮುಂಗೇರ್‌ನ ಸ್ವಾಮಿ ಸತ್ಯಾನಂದ ಸರಸ್ವತಿ ಜನಪ್ರಿಯ ಮಾಡಿದ ಯೋಗನಿದ್ರೆಯಲ್ಲಿ ಈ ಸುತ್ತು ಇದೆ, ಆಮೇಲೆ ಚಿತ್ರಗಳೂ ಇವೆ. ನನಗೆ ಸಾಮಾನ್ಯವಾಗಿ ಎಡಗಾಲು ತಲುಪುವ ಹೊತ್ತಿಗೆ ನಿದ್ದೆ.

ಶಿಬಿರಕ್ಕೆ ಹೋಗಬೇಕಾ? ದುಡ್ಡು ಎಷ್ಟು?

ಇದಕ್ಕೆ ದುಡ್ಡು ಬೇಡ. ಆಳವಾಗಿ ಕಲಿಯುವ ಆಸೆ ಇದ್ದರೆ ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ವಿಪಶ್ಯನ ಶಿಬಿರಗಳಿವೆ. ಬೆಂಗಳೂರಿನ ಹೊರಗೆ ಆಲೂರಿನಲ್ಲೂ ಕೇಂದ್ರ ಇದೆ. ಶುಲ್ಕ ಇಲ್ಲ, ಹಿಂದೆ ಶಿಬಿರ ಮಾಡಿದವರ ದಾನದಿಂದ ನಡೆಯುತ್ತದೆ. ಹತ್ತು ದಿನದ ಶಿಬಿರ, ಹತ್ತನೇ ದಿನದ ಬೆಳಗಿನವರೆಗೆ ಮಾತಿಲ್ಲ, ಫೋನಂತೂ ಇಲ್ಲ. ಮೊದಲ ಮೂರು ದಿನ ಬರೀ ಮೂಗಿನ ಹತ್ತಿರದ ಉಸಿರು ನೋಡುವುದೇ ಕೆಲಸ. ಮನೆಯಲ್ಲಿ ಕೆಲವು ತಿಂಗಳು ಕೂತು ಅಭ್ಯಾಸ ಆದ ಮೇಲೆ ಹೋಗಿ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಅರ್ಜಿಯಲ್ಲೂ ಮುಚ್ಚಿಡಬೇಡಿ.

ನಾವು ಬೇರೆ ಧರ್ಮದವರು, ಮಾಡಬಹುದಾ?

ಖಂಡಿತ. ಉಸಿರಿಗೆ ಜಾತಿ ಇಲ್ಲ. ನಮ್ಮಲ್ಲಿ ಒಬ್ಬರು ಜಪಮಾಲೆ ಹಿಡಿದು ಕೂರುತ್ತಾರೆ, ಇನ್ನೊಬ್ಬರು ಮನಸ್ಸಿನಲ್ಲೇ ಅಲ್ಲಾಹನ ಹೆಸರು ಹೇಳಿಕೊಳ್ಳುತ್ತಾರೆ, ಇಬ್ಬರು ಯಾವ ಹೆಸರನ್ನೂ ಹೇಳುವುದಿಲ್ಲ.

ಮಕ್ಕಳಿಗೆ?

ಲೋಟದ ಬದಲು ಹೊಟ್ಟೆ ಮೇಲೆ ಕಾಗದದ ದೋಣಿ ಇಡಿ. ದೋಣಿ ಮುಳುಗಬಾರದು ಅನ್ನಿ. ಎರಡು ನಿಮಿಷ ಸಾಕು. ಒತ್ತಾಯ ಬೇಡ.

ಹಾಸಿಗೆ ಹಿಡಿದವರಿಗೆ ಮಾಡಿಸಬಹುದಾ?

ಮಾಡಿಸಬಹುದು. ಅವರ ಡಾಕ್ಟರಿಗೆ ಒಂದು ಮಾತು ತಿಳಿಸಿ. ಉಸಿರು ಹಿಡಿಸುವುದು, ಎಣಿಸುವುದು ಯಾವುದೂ ಬೇಡ. "ಹೀಗೆ ಮಾಡು, ಹಾಗೆ ಮಾಡು" ಅಂತ ಹೇಳುವುದಕ್ಕಿಂತ ಪಕ್ಕದಲ್ಲಿ ಕೂತು ನೀವೇ ಅವರಿಗೆ ಕೇಳಿಸುವ ಹಾಗೆ ನಿಧಾನವಾಗಿ ಉಸಿರಾಡಿ. ಅವರ ಉಸಿರು ನಿಮ್ಮದರ ಹಿಂದೆ ಬಂದರೆ ಬರಲಿ.

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಏಳುತ್ತಿರಲಿಲ್ಲ, ಮಾತು ಪೂರ್ತಿ ಹೋಗಿತ್ತು. ಸಂಜೆಯಾದರೆ ಚಡಪಡಿಕೆ ಶುರುವಾಗುತ್ತಿತ್ತು. ನಾನು ಅವಳ ಎಡಗೈ ಹಿಡಿದು, "ಅಮ್ಮಾ, ಬಾವಿ ಹತ್ರ ಹೋಗೋಣ" ಅನ್ನುತ್ತಿದ್ದೆ. ಉಸಿರು ಎಳೆಯುವಾಗ ಅವಳ ಮಣಿಕಟ್ಟನ್ನು ಒಂದಿಷ್ಟು ಮೇಲೆತ್ತುವುದು, ಬಿಡುವಾಗ ಕೆಳಗಿಳಿಸುವುದು. ಹಗ್ಗ ಮೇಲೆ, ಹಗ್ಗ ಕೆಳಗೆ. ದಿನಾ ಸಂಜೆ ಹತ್ತು ನಿಮಿಷ. ಅವಳಿಗೆ ಬಾವಿ ಕಾಣುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಉಸಿರು ಮಾತ್ರ ಇಳಿಯುತ್ತಿತ್ತು.

ಒಂದೂವರೆ ತಿಂಗಳಾದ ಮೇಲೆ ಒಂದು ಸಂಜೆ ನನಗೆ ಅಡುಗೆಯ ಅವಸರ. ಕೈ ಸ್ವಲ್ಪ ಬೇಗ ಬೇಗ ಇಳಿಸಿದೆನೋ ಏನೋ. ಅಮ್ಮ ಬೆರಳು ಬಿಗಿ ಮಾಡಿದಳು. ತೊದಲುತ್ತಾ, ಒಂದೊಂದೇ ಪದ ಹುಡುಕಿ ಹೇಳಿದಳು: "ನಿಧಾನ. ಕೊಡ ಕಲ್ಲಿಗೆ ತಾಗ್ತದೆ."

ಒಲೆ ಆರಿಸಿ ಬಂದು ಮತ್ತೆ ಕೂತೆ. ಹಗ್ಗವನ್ನು ಅವಳು ಹೇಳಿದಷ್ಟು ನಿಧಾನವಾಗಿ ಬಿಟ್ಟೆ.